ಕಂಬಿ ಕಿತ್ತ ದಿನ

ಗಿಟಾರಿನ ಕತ್ತಿನೊಳಗೆ ಒಂದು ಉಕ್ಕಿನ ಕಂಬಿ ಇರುತ್ತದೆ. ತಂತಿಗಳ ಎಳೆತಕ್ಕೆ ಕತ್ತು ಬಾಗದಂತೆ ಒಳಗಿನಿಂದಲೇ ಹಿಡಿದು ನಿಲ್ಲಿಸುವುದು ಅದರ ಕೆಲಸ. ಮನೆಯಲ್ಲಿ ಹೆಂಡತಿ ಮಾಡುವುದೂ ಅದನ್ನೇ. ಅಂದು ಬೆಳಿಗ್ಗೆ ಗಿಟಾರು ಮಾಡುವ ಗಿಟಾರಪ್ಪ ಒಂದು ಕಣ್ಣು ಮುಚ್ಚಿ ನೋಡಿದರೆ, ಹೊಸ ಗಿಟಾರಿನ ಕತ್ತು ಕ್ಷೌರಕ್ಕೆ ಕೂತವನಂತೆ ಹಿಂದಕ್ಕೆ ವಾಲಿತ್ತು. ಹಾಕಿದ್ದ ಕಂಬಿಯೋ, ಹಿಂದಕ್ಕೆ ಮಾತ್ರ ಎಳೆಯುವಂಥದ್ದು.

ಸಂಜೆ ಎಡಗೈ ಮೇಷ್ಟ್ರು ಆ ಕತ್ತನ್ನು ಹಿಡಿದು ನೋಡಿ ಒಪ್ಪಬೇಕಿತ್ತು. ಊರಲ್ಲಿ ಎಡಗೈಯಲ್ಲಿ ನುಡಿಸುವವರು ಅವರೊಬ್ಬರೇ. ಒಪ್ಪಿದರೆ ಶಿಷ್ಯರ ಗಿಟಾರುಗಳೆಲ್ಲ ಇವನ ಪಾಲಿಗೆ. ಇಲ್ಲದಿದ್ದರೆ ಈ ಕೆಲಸ ಬಿಟ್ಟು ಭಾವಮೈದುನನ ಹಾಸಿಗೆ ಅಂಗಡಿ ಸೇರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಾಗಿತ್ತು.

ಸಾಮಾನಿನ ಅಂಗಡಿಗೆ ಫೋನು ಮಾಡಿದ. "ಕಂಬಿ ಕೀಳದೆ ಬೇರೆ ದಾರಿ ಇಲ್ಲಪ್ಪ. ಇವತ್ತೇ ಕೀಳ್ತೀನಿ. ಎರಡು ಕಡೆಗೂ ಹೊಂದ್ಕೊಳ್ಳೋದು ಒಂದು ನೋಡಿಡು, ಬರ್ತೀನಿ. ಮನೆಯವಳಿಗೆ ಗೊತ್ತಾಗೋದು ಬೇಡ."

ಗೋಡೆಯಾಚೆ ಗುಂಡಿ ಹೊಲಿಯುತ್ತಿದ್ದ ಟೈಲರಮ್ಮನಿಗೆ ದಾರಕ್ಕೆ ಗಂಟು ಹಾಕುವಷ್ಟೂ ಪುರುಸೊತ್ತಾಗಲಿಲ್ಲ.

"ಅಕ್ಕಾ, ನಿಮ್ಮೆಜಮಾನ್ರು ಇವತ್ತು ಕಂಬಿ ಕೀಳ್ತಾರಂತೆ. ಇನ್ನೊಂದನ್ನ ಗೊತ್ತು ಮಾಡ್ಕೊಂಡಿದಾರೆ."

ಹೆಂಡತಿ ಮೊದಲು ಗಂಡನ ಚಪ್ಪಲಿ ಬಚ್ಚಿಟ್ಟಳು, ಆಮೇಲೆ ತಮ್ಮನನ್ನು ಕರೆಸಿದಳು. ಅವನು ತನ್ನ ಅಂಗಡಿಯ ಹಾಸಿಗೆಯಂತೆಯೇ ಬಾಗಿಲಿಗೆ ಅಡ್ಡಲಾಗಿ ಕೂತ.

"ಎಲ್ಲಿಗೆ ಭಾವಾ ಸವಾರಿ?"

"ಹೊಸದು ತರೋಕೆ ಕಣೋ. ಹಳೇದು ಬರೀ ಹಿಂದಕ್ಕೆ ಎಳೆಯುತ್ತೆ, ಸಾಕಾಗಿದೆ."

"ಹಳೇದಾ?" ಹೆಂಡತಿ ಸೊಂಟಕ್ಕೆ ಸೆರಗು ಬಿಗಿದಳು. "ಇಷ್ಟು ವರ್ಷ ನಿಮ್ಮನ್ನ ನೆಟ್ಟಗೆ ನಿಲ್ಲಿಸಿದ್ದು ಯಾರು?"

ಮರದ ಕತ್ತನ್ನೇ ತಂದು, ಬೆರಳೊತ್ತಿ ನುಡಿಸುವ, ಇನ್ನೂ ಅಂಟು ಹಾಕದ ಮೇಲ್ಪಟ್ಟಿ ಎತ್ತಿ, ಎಲ್ಲರೆದುರು ಕಂಬಿ ಕಿತ್ತು ತೋರಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. "ಇಷ್ಟೇನಾ," ಎಂದು ಟೈಲರಮ್ಮ ನಿರಾಸೆಯಿಂದ ಎದ್ದು ಹೋದಳು. ಹೆಂಡತಿಗೆ ಚಪ್ಪಲಿ ಎಲ್ಲಿಟ್ಟೆನೆಂಬುದೇ ಮರೆತುಹೋಗಿತ್ತು.

ಅವಳದನ್ನೇ ಮೆಟ್ಟಿಕೊಂಡು ಓಡಿ ಹೊಸದನ್ನು ತಂದ. ಹೊಸ ಕಂಬಿ ದಪ್ಪ. ಕತ್ತಿನೊಳಗಿನ ತೋಡನ್ನು ಇನ್ನಷ್ಟು ಆಳ ಮಾಡಿ ಕೂರಿಸಿದ. ಕೀಲಿ ತಿರುಗಿಸುತ್ತಿದ್ದಂತೆ ಕತ್ತು ಹೇಳಿದ ಮಾತು ಕೇಳುವ ಮಗುವಿನಂತೆ ನೆಟ್ಟಗಾಯಿತು. ಮೇಲ್ಪಟ್ಟಿಯನ್ನು ದಾರದಲ್ಲಿ ಕಟ್ಟಿ, ಮೇಷ್ಟ್ರ ಮನೆಗೆ ಧಾವಿಸಿದ.

ಬಾಗಿಲಲ್ಲಿ ಅವರ ಹೆಂಡತಿ ಮುಖ ಊದಿಸಿಕೊಂಡು ನಿಂತಿದ್ದರು. "ಬರೋ ವಾರ ಕಛೇರಿ ಇಟ್ಕೊಂಡು, ವೇದಿಕೆ ಭಯ ಅಂತ ಮೇಷ್ಟ್ರು ಕಂಬಿ ಕಿತ್ರು."

"ಅವ್ರೂನಾ?" ಗಿಟಾರಪ್ಪನಿಗೆ ಖುಷಿಯಾಯಿತು. "ಒಂದು ಕಡೆದೋ, ಎರಡು ಕಡೆದೋ?"

"ಯಾವ ಕಡೆಗೆ ಅಂತ ಗೊತ್ತಿದ್ರೆ ನಾನೇ ಹೋಗಿ ಎಳ್ಕೊಂಡು ಬರ್ತಿರಲಿಲ್ವೇ?"

ಎಡಗೈಗೆಂದೇ ಕೆತ್ತಿದ ಕತ್ತು ಕೈಯಲ್ಲಿ ಕಡ್ಡಿಯಂತೆ ನೆಟ್ಟಗಿತ್ತು. ಬಾಗಿದ್ದು ಅವನದು. ಮನೆಯ ಬಾಗಿಲಲ್ಲಿ ಭಾವಮೈದುನ ಆ ಮುಖ ನೋಡಿ ಚಪ್ಪಲಿ ಮುಂದಿಟ್ಟ.

"ಸಿಕ್ತು ಭಾವಾ, ಹಾಸಿಗೆ ಕೆಳಗಿತ್ತು. ನಾಳೆ ಅಂಗಡಿಗೆ ಹಾಕ್ಕೊಂಡು ಬನ್ನಿ."