ಆಂಜನೇಯನಿಗೆ ಒಪ್ಪಿಸಿದ ಅವರೆಕಾಳು

ನನಗೆ ಬಸ್ಸೆಂದರೆ ಭಯವಿಲ್ಲ. ಬಸ್ಸಿನವರಿಗೆ ನಾನೆಂದರೆ ಭಯ. ಗುತ್ತಲಿನಿಂದ ಹೊರಟು ಮದ್ದೂರು ಮುಟ್ಟುವಷ್ಟರಲ್ಲಿ ನನ್ನ ತಲೆ ಕಿಟಕಿಯ ಹೊರಗಿರುತ್ತದೆ, ಬೆಳಿಗ್ಗೆ ತಿಂದ ಇಡ್ಲಿಯೂ ಅಷ್ಟೇ.

ಹೀಗಿರುವಾಗ ಮಗಳು ಕಾವ್ಯಳನ್ನು ನೋಡಿಹೋದ ಮಳವಳ್ಳಿಯ ಗಂಡಿನ ಕಡೆಯವರು ಫೋನು ಮಾಡಿದರು. "ಮುತ್ತತ್ತಿ ಆಂಜನೇಯಂಗೆ ನಮ್ದು ಪರ ಅದೆ, ದ್ಯಾವ್ರ ಹೆಸ್ರಲ್ಲಿ ಬಾಡೂಟ. ನಮ್ ವ್ಯಾನಲ್ಲೇ ಬನ್ನಿ, ಊಟ ಮಾಡ್ಕಂಡು ಮಾತು ಮುಗುಸ್ಬುಡಣ." ಮುತ್ತತ್ತಿಯ ದಾರಿಯೆಂದರೆ ಕಾಡಿನ ತಿರುವುಗಳು. ಕಾವ್ಯಳಿಗೆ ಹುಡುಗ ತುಂಬಾ ಹಿಡಿಸಿದ್ದ. "ಅಪ್ಪಾ, ಅವತ್ತೊಂದಿನ ತಡ್ಕೋ" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ನಾನು ಮೊಬೈಲಿನಲ್ಲಿ ಸಂಶೋಧನೆ ನಡೆಸಿ ಚೀನಾದ ಪುರಾತನ ವೈದ್ಯವನ್ನು ಪತ್ತೆ ಹಚ್ಚಿದೆ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಳೆದು, ಎರಡು ನರಗಳ ನಡುವೆ ಒತ್ತಿದರೆ ವಾಂತಿ ಬರುವುದಿಲ್ಲವಂತೆ.

"ವಾಂತಿ ಬರೋದು ಹೊಟ್ಟೆಯಿಂದ, ಒತ್ತೋದು ಕೈಯ್ಯಾ? ಚೀನಾ ಮಾಲಿಗೆ ಗ್ಯಾರಂಟಿ ಇಲ್ಲ ಕಣ್ರೀ" ಎಂದು ಹೆಂಡತಿ ಜಯ ಮಾತ್ರೆ ಮುಂದಿಟ್ಟಳು. ನಾನು ಮುಟ್ಟಲಿಲ್ಲ.

ಮಳವಳ್ಳಿವರೆಗೆ ನಾನೂ ಜಯಳೂ ನಮ್ಮ ಸ್ಕೂಟರಿನಲ್ಲೇ ಹೋದೆವು. ವ್ಯಾನಿನಲ್ಲಿ ನನ್ನ ಪಕ್ಕ ಕೂತವರು ಹುಡುಗನ ಅಜ್ಜಿ ನಿಂಗಮ್ಮ. ನಾನು ಕಣ್ಣು ಮುಚ್ಚಿ, ಮೂರು ಬೆರಳು ಅಳೆದು, ಕೈ ಒತ್ತಿಕೊಂಡು ಕೂತೆ.

"ಯಾಕಪ್ಪ ನಾಡಿ ನೋಡ್ಕತಿದ್ದೀಯೆ? ಎದೆಗಿದೆ ನೋವಾ?"

"ಏನಿಲ್ಲಮ್ಮ" ಎಂದೆ. ಅವರು ನಂಬಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ "ಲಕ್ವಾ ಒಡ್ದಿರ್ಬೇಕು, ಮುಚ್ಚಿಡ್ತಾವ್ರೆ" ಎಂದು ಪಿಸುಗುಟ್ಟಿದರು. ವಾಂತಿಯ ವಿಷಯ ಹೇಳಿಬಿಡಬಹುದಿತ್ತು. ಆದರೆ ಹೆಣ್ಣಿನ ಅಪ್ಪ ನಾನು, ಮೀಸೆ ಬೇರೆ ಇದೆ.

ದಾರಿಯಲ್ಲಿ ಟೀಗೆ ನಿಲ್ಲಿಸಿದಾಗ ಮರೆಗೆ ಹೋಗಿ ಗುಪ್ತ ಏರ್ಪಾಡು ಮಾಡಿಕೊಂಡೆ. ಮುನ್ನೆಚ್ಚರಿಕೆಯಾಗಿ ಜೇಬಲ್ಲಿ ಒಂದು ಅವರೆಕಾಳು ತಂದಿದ್ದೆ. ಅದನ್ನು ಹಳದಿ ಕರ್ಚೀಫಿನ ಮಡಿಕೆಯಲ್ಲಿಟ್ಟು, ಆ ಜಾಗಕ್ಕೇ ಒತ್ತುವಂತೆ ಬಿಗಿಯಾಗಿ ಕಟ್ಟಿದೆ. ನಿಂಗಮ್ಮನವರ ಕಣ್ಣು ಮೊದಲು ಬಿದ್ದಿದ್ದೇ ಅದರ ಮೇಲೆ.

"ಇದೇನು? ಆಗ್ಲೇ ಇರ್ನಿಲ್ವಲ್ಲ?"

"ಹರಕೆಯಮ್ಮ. ಮುಡಿಪು" ಎಂದೆ. ಹಳದಿ ಬಟ್ಟೆ ಕಂಡು ಬಾಯಿಗೆ ಬಂದ ಸುಳ್ಳು. ಆಶ್ಚರ್ಯವೆಂದರೆ ತಿರುವುಗಳೆಲ್ಲ ಮುಗಿದರೂ ಹೊಟ್ಟೆ ಕಮಕ್ ಕಿಮಕ್ ಅನ್ನಲಿಲ್ಲ. ಜಯಳ ಕಡೆ ಗೆದ್ದವನಂತೆ ನೋಡಿದೆ.

ಮುತ್ತತ್ತಿಯಲ್ಲಿ ಇಳಿದದ್ದೇ ತಡ, ನಿಂಗಮ್ಮ ನನ್ನ ರಟ್ಟೆ ಹಿಡಿದರು. "ಮುಡ್ಪು ಅಂದ್ಮೇಲೆ ದ್ಯಾವ್ರ ಮುಂದ್ಲೇ ಬಿಚ್ಬೇಕು. ಬಾ." ಮುಡಿಪನ್ನು ಕೈಯಲ್ಲೇ ವಾಪಸು ಒಯ್ಯುವಂತಿಲ್ಲ, ಅದು ನಮ್ಮ ಕಡೆಯ ಪದ್ಧತಿ, ನನಗೂ ಗೊತ್ತು. ಆಂಜನೇಯನ ಗುಡಿಯಲ್ಲಿ ಹದಿನೈದು ಜನ ಸುತ್ತ ನಿಂತರು. ಪೂಜಾರಪ್ಪ ಗಂಟು ಬಿಚ್ಚಿದರು. ಅಪ್ಪುಗೆಯಿಂದ ಬಿಡುಗಡೆಯಾದ ಅವರೆಕಾಳು ಆರತಿ ತಟ್ಟೆಗೆ ಟಣ್ಣೆಂದು ಬಿತ್ತು.

"ಒಂದ್ ಅವರೆಕಾಳಾ?" ಎಂದರು ಪೂಜಾರಪ್ಪ.

ನಿಂಗಮ್ಮ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಮಾಟಗೀಟ ಏನಪ್ಪಾ?"

ಮದುವೆ ಮುರಿದೇ ಹೋಯಿತು ಅನಿಸಿತು. ಜಯ ತಡೆಯಲಾರದೆ ಬಾಯಿ ಬಿಟ್ಟಳು. "ಮಾಟನೂ ಇಲ್ಲ, ಲಕ್ವಾನೂ ಇಲ್ಲ ಕಣಮ್ಮ. ಇವ್ರು ಬಸ್ಸಲ್ಲಿ ಕಕ್ಕತಾರೆ. ಅದಕ್ಕೆ ಚೀನಾ ಔಷ್ದಿ."

ಎಲ್ಲರೂ ನಕ್ಕರು. ನಿಂಗಮ್ಮ ಮಾತ್ರ ನಗಲಿಲ್ಲ. "ಇನ್ನೂ ಏನೋ ಮುಚ್ಚಿಡ್ತಾವ್ನೆ" ಎನ್ನುವಂತೆ ನನ್ನನ್ನೇ ನೋಡುತ್ತಾ ಹೊಳೆದಡದಲ್ಲಿ ಬಾಡೂಟ ಮುಗಿಸಿದರು. ಅವರ ಅನುಮಾನ ಹೋಗಲೆಂದು ನಾನೂ ಎರಡೆರಡು ಸಲ ಹಾಕಿಸಿಕೊಂಡು ಉಂಡೆ.

ಅವರೆಕಾಳು ಆಂಜನೇಯನ ಪಾಲಾಗಿತ್ತು, ಅಜ್ಜಿಯ ಕಣ್ಣೆದುರು ಮತ್ತೆ ಬೆರಳಲ್ಲಿ ಒತ್ತಿಕೊಳ್ಳುವಂತೆಯೂ ಇರಲಿಲ್ಲ. ವಾಪಸು ಬರುವಾಗ ಮೂರನೇ ತಿರುವಿನಲ್ಲಿ ಮುದ್ದೆ, ಸಾರು, ತುಂಡು ಎಲ್ಲವೂ ನಿಂಗಮ್ಮನವರ ಹೊಸ ಸೀರೆಯ ಮೇಲೆ ಬಂದವು. ವ್ಯಾನು ನಿಂತಿತು.

ನಿಂಗಮ್ಮ ಸೆರಗು ಕೊಡವಿ ಉಸಿರು ಬಿಟ್ಟರು. "ದಿಟ್ವೇ ಕಣಪ್ಪ. ಈಗ ನಂಬ್ದೆ."

ಮಾರನೇ ದಿನ ಒಪ್ಪಿಗೆಯ ಫೋನು ಬಂತು. ವರದಕ್ಷಿಣೆ, ವರೋಪಚಾರ ಏನೂ ಬೇಡವಂತೆ. ಅಜ್ಜಿಯದು ಒಂದೇ ಷರತ್ತು: ಛತ್ರ ಗುತ್ತಲಿನಲ್ಲೇ ಇರಬೇಕು, ಹೆಣ್ಣಿನ ಅಪ್ಪ ನಡೆದುಕೊಂಡು ಬರುವಷ್ಟು ಹತ್ತಿರ.