ಡಕ್ಟ್ ವರ್ಕ್‌ಶಾಪಿನ ಹನ್ನೊಂದು ಕನಸುಗಾರರು

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದಕ್ಕೆ ನನಗೇನೂ ಬೇಸರವಿಲ್ಲ. ಶಾಲೆಗೂ ಬೇಸರವಾದಂತೆ ಕಾಣಲಿಲ್ಲ. ಆದರೆ ತಗಡಿನ ಕೆಲಸದಲ್ಲಿ ನನ್ನೆದುರು ನಿಲ್ಲುವ ಗಂಡು ಇನ್ನೂ ಕತಾರಿಗೆ ಬಂದು ಇಳಿದಿಲ್ಲ. ದೋಹಾದ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಜನರು ಸೆಕೆಗಾಲದಲ್ಲೂ ಸ್ವೆಟರ್ ಹಾಕಿ ಕೂರುವುದಕ್ಕೆ ಕಾರಣ ನಾನು ತಗಡು ಮಡಚಿ ಮಾಡಿದ ಏಸಿ ಡಕ್ಟುಗಳು, ಅಂದರೆ ತಂಪು ಗಾಳಿಯ ಕೊಳವೆಗಳು. ಹೀಗಿರುವಾಗ ನಮ್ಮ ವರ್ಕ್‌ಶಾಪಿಗೆ ಹೊಸ ಫೋರ್‌ಮನ್ ಬೇಕು ಎಂದಾಗ ಅದು ನಾನೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮುಖ್ಯವಾಗಿ ನನಗೆ!

ಅನುಮಾನ ಬಂದದ್ದು ಹೊಸ ಮ್ಯಾನೇಜರಿಗೆ. ಪಾರ್ಕ್ ಸಾಹೇಬರು ಕೊರಿಯಾದವರು. ಬಹಳ ಮರ್ಯಾದಸ್ಥರು, ಬೈಯುವಾಗಲೂ ಮೊದಲು ಸೊಂಟ ಬಗ್ಗಿಸಿ ನಮಸ್ಕರಿಸುವವರು. ಅವರು ನಮ್ಮೆಲ್ಲರ ಫೋನಿಗೆ ಒಂದು ಟೆಸ್ಟ್ ಕಳಿಸಿದರು. ಯಾರ ಸ್ವಭಾವ ಯಾವ ಬಗೆಯದು ಎಂದು ಅದು ಹೇಳುತ್ತದಂತೆ. ಅದನ್ನು ನೋಡಿಯೇ ಫೋರ್‌ಮನ್ ಆಯ್ಕೆಯಂತೆ.

ಸಂಜೆ ಮನೆಗೆ ಬಂದು ಫೋನನ್ನು ಮಗಳು ಪ್ರಾಪ್ತಿಯ ಕೈಗೆ ಕೊಟ್ಟೆ. ಅವಳು ಇಂಗ್ಲಿಷ್ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಮನೆಯಲ್ಲಿ ಪೂರ್ತಿ ಕೊರಿಯನ್ ಸೀರಿಯಲ್ಲು.

"ಅಯ್ಯೋ ಪಪ್ಪ, ಇದು ನಂಗೆ ಗೊತ್ತುಂಟು!" ಎಂದು ಕುಣಿದಳು. "ಕೊರಿಯಾದಲ್ಲಿ ಯಾರಾದ್ರೂ ಹೊಸಬ್ರು ಸಿಕ್ಕಿದ್ರೆ ಫಸ್ಟ್ ಕೇಳೋದೇ ಇದು, ನಿನ್ನ ಟೈಪ್ ಎಂತ ಅಂತ. ಫ್ರೆಂಡ್ ಆಗ್ಲಿಕ್ಕೂ ಇದೇ, ಲವ್ ಮಾಡ್ಲಿಕ್ಕೂ ಇದೇ."

"ಹಾಗಾದ್ರೆ ನಮ್ಮ ಜಾತಕವೇ," ಎಂದಳು ಹೆಂಡತಿ ಜಯಂತಿ, ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತ. "ನಿಮ್ಮದನ್ನು ಸರಿ ನೋಡದೆ ಅಲ್ವಾ ನಾನು ಇಲ್ಲಿವರೆಗೆ ಬಂದದ್ದು."

"ಮೊದಲು ಸರಿ ಉತ್ತರ ಯಾವುದು ಹೇಳು," ಎಂದೆ ಮಗಳಿಗೆ.

"ಸರಿ ಉತ್ತರ ಅಂತ ಇಲ್ಲ ಪಪ್ಪ. ನೀವು ಹೇಗಿದ್ದೀರೋ ಹಾಗೇ ಹೇಳ್ಬೇಕು."

ಸರಿ ಉತ್ತರವೇ ಇಲ್ಲದ ಪರೀಕ್ಷೆ! ಅಂಥದ್ದು ನಮ್ಮ ಕಾಲದಲ್ಲಿ ಇದ್ದಿದ್ದರೆ ನಾನು ಎಂಟನೇ ಕ್ಲಾಸಿನಲ್ಲಿ ಏಕೆ ನಿಲ್ಲುತ್ತಿದ್ದೆ? ಇದರಲ್ಲಿ ಏನೋ ಮರ್ಮವಿದೆ ಎಂದು ತೀರ್ಮಾನಿಸಿದೆ. ಸಾಹೇಬರಿಗೆ ಎಂಥವನು ಬೇಕು ಎಂದು ಅಳೆದು ತೂಗಿ ಉತ್ತರ ಕೊಡತೊಡಗಿದೆ.

"ನಾಲ್ಕು ಜನ ಸೇರಿದಲ್ಲಿ ನೀವೇ ಮೊದಲು ಮಾತಾಡ್ತೀರಾ?" ಎಂದು ಮಗಳು ಓದಿದಳು.

ಹರಟೆಮಲ್ಲ ಯಾವ ಮ್ಯಾನೇಜರಿಗೆ ಬೇಕು? "ಇಲ್ಲವೇ ಇಲ್ಲ ಅಂತ ಒತ್ತು."

ಅಡುಗೆಮನೆಯಲ್ಲಿ ಕತ್ತಿಯ ಸದ್ದು ನಿಂತಿತು. "ದೇವರೇ!" ಎಂದಳು ಜಯಂತಿ.

"ಒಬ್ರೇ ಇರ್ಲಿಕ್ಕೆ ಇಷ್ಟವಾ?"

ಹೆಲ್ಪರ್ ಇಲ್ಲದೆಯೂ ಕೆಲಸ ಮಾಡಬಲ್ಲೆ ಎಂದು ತಿಳಿಯಲಿ. "ತುಂಬಾ ಇಷ್ಟ."

"ಜಗಳ ಆದ್ರೆ ಎದುರು ನಿಲ್ತೀರಾ?"

"ಛೆ ಛೆ!"

"ಆಗಾಗ ಕನಸಿನ ಲೋಕಕ್ಕೆ ಹೋಗ್ತೀರಾ?"

ಸಾಹೇಬರು ಯಾವ ಸೈಟಿಗೆ ಕಳಿಸಿದರೂ ಹೋಗಬೇಕಲ್ಲ. "ಹೋಗ್ತೇನೆ."

ಕೊನೆಗೆ ನಾಲ್ಕು ಇಂಗ್ಲಿಷ್ ಅಕ್ಷರ ಬಂದವು. ಜೊತೆಗೆ ಕೈಯಲ್ಲಿ ಹೂ ಹಿಡಿದು ಆಕಾಶ ನೋಡುತ್ತಿರುವ ಒಬ್ಬ ಆಸಾಮಿಯ ಚಿತ್ರ. ಪ್ರಾಪ್ತಿ ಸೋಫಾದಿಂದ ಕೆಳಗೆ ಬಿದ್ದು ನಗುತ್ತಿದ್ದಳು.

"ಮಮ್ಮಿ, ಪಪ್ಪ ನಾಚಿಕೆಯ ಕನಸುಗಾರ ಅಂತೆ! ಮೆತ್ತಗಿನ ಮನಸ್ಸಿನ ಕವಿ ಅಂತೆ!"

"ಅದೆಲ್ಲ ಇರ್ಲಿ," ಎಂದೆ. "ಪಾಸಾ?"

ಮರುದಿನ ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನ ರಫೀಕ್ ಮೆಲ್ಲಗೆ ವಾಲಿದ. ಅವನು ಉಳ್ಳಾಲದ ಕಡೆಯವನು, ನನ್ನ ಜೊತೆ ತಗಡು ಕತ್ತರಿಸುವವನು. "ವಾಸುವಣ್ಣ, ಆ ಟೆಸ್ಟ್ ಎಂತ ಮಾಡಿದ್ರಿ? ನಂಗೆ ತಲೆಬುಡ ತಿಳೀಲಿಲ್ಲ ಮಾರಾಯ್ರೆ. ಸ್ವಲ್ಪ ತೋರ್ಸಿ."

ನಾಳೆ ಫೋರ್‌ಮನ್ ಆಗುವವನು ಕೈಕೆಳಗಿನವರನ್ನು ಕೈಬಿಡಬಾರದು. ಮಗಳು ತನ್ನ ಗೆಳತಿಯರಿಗೆ ತೋರಿಸಿ ನಗಲೆಂದು ನನ್ನ ಉತ್ತರಗಳ ಫೋಟೊ ತೆಗೆದಿದ್ದಳು. ಅವನ್ನೇ ರಫೀಕನಿಗೆ ಕಳಿಸಿದೆ. ರಫೀಕ್ ನನಗಿಂತ ಉದಾರಿ. ಬಸ್ಸು ವರ್ಕ್‌ಶಾಪ್ ಮುಟ್ಟುವುದರೊಳಗೆ ಹತ್ತು ಜನ ನನ್ನದನ್ನೇ ನೋಡಿ ಒತ್ತಿ ಖಲಾಸ್! ಶಾಜಿಯೊಬ್ಬನಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಅವನ ಫೋನಿನಲ್ಲಿ ಚಾರ್ಜಿರಲಿಲ್ಲ. ಈ ಮಲಯಾಳಿ ಶಾಜಿ ಡಕ್ಟ್ ಮಡಚುವುದನ್ನು ಕಲಿತದ್ದೇ ನನ್ನಿಂದ, ನನ್ನನ್ನು ಕರೆಯುವುದೂ 'ಚೇಟ್ಟ', ಅಂದರೆ ಅಣ್ಣ, ಎಂದೇ. ಅಯ್ಯೋ ಪಾಪ ಎಂದುಕೊಂಡೆ.

ಟೆಸ್ಟಿನ ಫಲಿತಾಂಶವನ್ನು ಪಾರ್ಕ್ ಸಾಹೇಬರು ಎರಡೆರಡು ಸಲ ನೋಡಿದರು. ಇಡೀ ಕೊರಿಯಾ ಸುತ್ತಿದರೂ ಒಂದೇ ತಗಡಿನ ಮಾಡಿನ ಕೆಳಗೆ ಹನ್ನೊಂದು ಕನಸುಗಾರರನ್ನು ಅವರು ಕಂಡಿರಲಿಲ್ಲವಂತೆ. ನನ್ನ ಮೇಜಿನ ಹತ್ತಿರ ಬಂದು ಪಿಸುದನಿಯಲ್ಲಿ, "ಮಿಸ್ಟರ್ ವಾಸು, ನೀವು ಕವಿತೆ ಬರೀತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮಿಬ್ಬರ ಇಂಗ್ಲಿಷೂ ಒಂದೇ ಗುಜರಿ ಅಂಗಡಿಯದು, ಹಾಗಾಗಿ ಚೆನ್ನಾಗಿ ಅರ್ಥವಾಗುತ್ತದೆ.

ಇಲ್ಲವೆಂದರೆ ಫೇಲ್! "ಯೆಸ್ ಸರ್."

"ಒಂದು ಹೇಳಿ."

ಆ ಹೊತ್ತಿಗೆ ನನ್ನ ತಲೆಯಲ್ಲಿದ್ದ ಸಾಹಿತ್ಯವೆಂದರೆ ಬೆಳಿಗ್ಗೆ ಜಯಂತಿ ಹೇಳಿದ ಸಾಮಾನಿನ ಪಟ್ಟಿ ಮಾತ್ರ. ಕಣ್ಣು ಮುಚ್ಚಿದೆ. ಎದೆಯ ಮೇಲೆ ಕೈಯಿಟ್ಟೆ. "ಕೊತ್ತಂಬರಿ ಸೊಪ್ಪು ಎರಡು ಕಟ್ಟು... ಕುಚ್ಚಲಕ್ಕಿ ಹತ್ತು ಕಿಲೋ... ನೀರುಳ್ಳಿ... ಓ ನೀರುಳ್ಳಿ... ಬಂಗುಡೆ, ಫ್ರೆಶ್ ಇದ್ದರೆ ಮಾತ್ರ!"

ರಫೀಕ್ ತಗಡಿನ ಹಿಂದೆ ಹೋಗಿ ಜೋರಾಗಿ ಕೆಮ್ಮಿದ.

ಸಾಹೇಬರ ಕಣ್ಣು ಒದ್ದೆಯಾಗಿತ್ತು. "ತಾಯಿಯ ಬಗ್ಗೆಯಾ?"

"ಯೆಸ್ ಸರ್."

ಇನ್ನು ಫೋರ್‌ಮನ್ ಪಟ್ಟ ನನ್ನ ಕೈಯಿಂದ ಜಾರುವುದುಂಟೇ? ಗುರುವಾರ ಸಂಜೆ ಎಲ್ಲರನ್ನೂ ಸೇರಿಸಿದರು. ಇಸ್ತ್ರಿ ಹಾಕಿದ ಶರ್ಟಿನಲ್ಲಿ ಮುಂದಿನ ಸಾಲಿನಲ್ಲೇ ನಿಂತೆ. ಸಾಹೇಬರು ಬಗ್ಗಿ ನಮಸ್ಕರಿಸಿ ಹೇಳಿದರು: "ಕನಸುಗಾರರ ಮೇಲೆ ಜವಾಬ್ದಾರಿ ಹೊರಿಸಿದರೆ ಅವರು ಬಾಡಿಹೋಗುತ್ತಾರೆ. ಆ ಪಾಪ ನನಗೆ ಬೇಡ." ಆಫೀಸಿನ ಕಂಪ್ಯೂಟರಿನಲ್ಲಿ ಒಬ್ಬನೇ ಕುಳಿತು, ತನಗೆ ತೋಚಿದ್ದನ್ನು ಒತ್ತಿದ್ದ ಶಾಜಿಗೆ 'ಆಜ್ಞೆ ಕೊಡುವ ಬಗೆ' ಎಂದು ಬಂದಿತ್ತಂತೆ. ಫೋರ್‌ಮನ್ ಶಾಜಿ! ನನಗೆ ಯಾರೂ ತೊಂದರೆ ಕೊಡದ ಒಂದು ಮೂಲೆ, ಅದಕ್ಕೊಂದು ಪರದೆ, ಮತ್ತು ನೋಡಿಕೊಂಡಿರಲು ಒಂದು ಹೂವಿನ ಕುಂಡ!

ನಾನು ಸೀದಾ ಸಾಹೇಬರ ಹಿಂದೆಯೇ ಆಫೀಸಿಗೆ ನುಗ್ಗಿದೆ.

"ಸರ್, ಅದೆಲ್ಲ ಸುಳ್ಳು! ಅದು ಕವಿತೆಯಲ್ಲ, ಅಂಗಡಿ ಸಾಮಾನು! ಎಲ್ಲರೂ ನನ್ನದನ್ನೇ ಕಾಪಿ ಹೊಡೆದದ್ದು! ನಾನು ಬೊಬ್ಬೆ ಹಾಕುವವನು ಸರ್, ಜಗಳ ಮಾಡುವವನು. ಬೇಕಾದರೆ ಈಗಲೇ ತೋರಿಸುತ್ತೇನೆ!"

"ತೋರಿಸಿ," ಎಂದರು ಸಾಹೇಬರು ಮೃದುವಾಗಿ.

ಎದೆ ತುಂಬ ಉಸಿರೆಳೆದೆ. ಗಾಜು ಅದುರುವಂತೆ ಗರ್ಜಿಸಬೇಕು. "ಸರ್, ಇಪ್ಪತ್ತೆರಡು ವರ್ಷ..." ಎಂದು ಶುರುಮಾಡಿದೆ. ಅಷ್ಟರಲ್ಲಿ ಆ ಇಪ್ಪತ್ತೆರಡು ವರ್ಷವೂ ಒಟ್ಟಿಗೆ ಬಂದು ಕಣ್ಣ ಮುಂದೆ ನಿಂತುಬಿಟ್ಟಿತು. ಬೇಸಿಗೆಯಲ್ಲಿ ಕಾದ ಟೆರೇಸುಗಳು, ತಗಡು ಕೊಯ್ದ ಬೆರಳುಗಳು, "ಇನ್ನು ಫೋರ್‌ಮನ್ರೇ ಅಂತ ಕರೀಬೇಕಾ?" ಎಂದು ಬೆಳಿಗ್ಗೆ ಶರ್ಟಿಗೆ ಇಸ್ತ್ರಿ ಹಾಕುತ್ತ ನಕ್ಕಿದ್ದ ಜಯಂತಿ. ಗರ್ಜನೆ ಬರಲಿಲ್ಲ. ಬಂದದ್ದು ಅಳು! ಗಂಡಸರ ಗಂಭೀರ ಕಣ್ಣೀರೂ ಅಲ್ಲ. ಅಂಗನವಾಡಿ ಮಕ್ಕಳದು, ಮೂಗು ಬಾಯಿ ಎಲ್ಲ ಸೇರಿ!

ಸಾಹೇಬರು ಟಿಶ್ಯೂ ಡಬ್ಬವನ್ನು ನನ್ನ ಮುಂದೆ ತಳ್ಳಿ ಬೆನ್ನು ಸವರಿದರು. "ನೋಡಿದಿರಾ ಮಿಸ್ಟರ್ ವಾಸು? ಟೆಸ್ಟ್ ಯಾವತ್ತೂ ತಪ್ಪುವುದಿಲ್ಲ."

ಬಾಗಿಲಲ್ಲಿ ಶಾಜಿ ಇಣುಕಿ ನೋಡಿದ. ತಿರುಗಿ, ಫೋರ್‌ಮನ್ ಆಗಿ ತನ್ನ ಮೊದಲ ಆಜ್ಞೆಯನ್ನು ಇಡೀ ವರ್ಕ್‌ಶಾಪಿಗೆ ಕೇಳುವಂತೆ ಕೂಗಿದ: "ಯಲ್ಲಾ, ಬೇಗ ಬೇಗ! ಎಲ್ಲ ಸದ್ದು ನಿಲ್ಲಿಸಿ! ವಾಸು ಚೇಟ್ಟ ಅಳ್ತಾ ಇದ್ದಾರೆ!"

ಹನ್ನೆರಡು ಸುತ್ತಿಗೆಗಳ ಆ ವರ್ಕ್‌ಶಾಪು ಹಬ್ಬಕ್ಕೂ ಹರತಾಳಕ್ಕೂ ಸುಮ್ಮನಾದದ್ದಲ್ಲ. ಅಂದು ಸುಮ್ಮನಾಯಿತು. ನನಗಾಗಿ!