ಗಂಡನ ಹೆಸರು ಹೇಳಿ ಕಂಪನಿ ಕಟ್ಟಿದ್ದು

ವಕೀಲರು ಮನೆಗೆ ಬರುವುದಕ್ಕೆ ಎರಡೇ ಕಾರಣ ಇರುತ್ತವೆ ಎಂದು ನಾನು ಇಷ್ಟು ವಯಸ್ಸಿನವರೆಗೂ ತಿಳಿದುಕೊಂಡಿದ್ದೆ. ಒಂದೋ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬೇಕು, ಇಲ್ಲವೋ ಯಾರದೋ ಸಂಸಾರ ಮುರಿಯಬೇಕು. ಡಾಕ್ಟರು ಬಂದರೆ ನೆರೆಹೊರೆಯವರು ಒಳಗೇ ಬಂದು ಏನಾಯಿತು ಎಂದು ಕೇಳುತ್ತಾರೆ. ವಕೀಲರು ಬಂದರೆ ಮಾತ್ರ ತಮ್ಮ ಬಾಗಿಲು ಅರ್ಧ ಮುಚ್ಚಿಕೊಂಡು, ಉಳಿದ ಅರ್ಧದಲ್ಲಿ ಕಿವಿ ಇಟ್ಟು ನಿಲ್ಲುತ್ತಾರೆ. ಹೀಗಿರುವಾಗ ಒಂದು ಸಂಜೆ ನನ್ನ ಮೊಮ್ಮಗಳು ಪೂರ್ವಾ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುತ್ತ, "ಅಜ್ಜಿ, ಸಂಡೇಕ್ಕ ವಕೀಲ್ ಬರ್ತಾಳ. ನಿಂದು ಸಹಿ ಪಾಹಿಜೆ," ಅಂದಳು. ನನ್ನ ಸಹಿ ಬೇಕು ಎಂದು ಕೇಳಿ, ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು.

ಮುಂಬಯಿಯ ಘಾಟ್ಕೋಪರಿನಲ್ಲಿ ಒಂದೊಂದೇ ಕೋಣೆಯ ನಮ್ಮ ಹಳೆಯ ಚಾಳು ಕೆಡವಿ ಬಿಲ್ಡಿಂಗ್ ಕಟ್ಟಿದಾಗ ಏಳನೇ ಮಾಳಿಗೆಯಲ್ಲಿ ನಮಗೊಂದು ಮನೆ ಸಿಕ್ಕಿದೆ. ಅದು ನನ್ನ ಹೆಸರಿನಲ್ಲಿದೆ. ವಕೀಲರು, ನನ್ನ ಸಹಿ, ನನ್ನ ಹೆಸರಿನ ಮನೆ, ಈ ಮೂರನ್ನೂ ನಾನೇ ಕೂಡಿಸಿಕೊಂಡು ಎದೆ ಒಡೆದುಕೊಂಡೆ. ಮನೆ ಭಾಗವಾಗುತ್ತದೆ ಅಂದುಕೊಂಡು ಯಜಮಾನರ ಮುಂದೆ ಹೋಗಿ ಅತ್ತೆ. ಅವರು ನಿವೃತ್ತ ವಾಚಮನ್. ಜೀವಮಾನವೆಲ್ಲ ಬೇರೆಯವರ ಗೇಟು ಕಾದವರು, ಸುಲಭಕ್ಕೆ ಗಾಬರಿಯಾಗುವವರಲ್ಲ. ಮನೆಯ ಆ ಗೋಡೆಯಿಂದ ಈ ಗೋಡೆಯವರೆಗೆ ಒಮ್ಮೆ ನೋಡಿದರು. "ಇದನ್ನ ಹ್ಯಾಂಗ ಹಂಚತಾರ? ಒಬ್ಬರಿಗೆ ಬಾಗಲಾ ಕೊಟ್ಟರ ಇನ್ನೊಬ್ಬರಿಗೆ ಕಿಡಕಿ ಉಳೀತದ, ಅಷ್ಟ," ಅಂದು ಮತ್ತೆ ಟೀವಿ ಕಡೆ ತಿರುಗಿದರು.

ವಿಷಯ ಬೇರೆಯೇ ಇತ್ತು. ಪೂರ್ವಾ ಗೋರೆಗಾಂವಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾಳೆ. ಡಬ್ಬಿಗೆ ನಾನು ಮಾಡಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯುತ್ತಾಳೆ. ಮೊದಲು ಅದನ್ನು ನೋಡಿ ಪಾಪಡ್ ಎಂದು ನಕ್ಕ ಗೆಳತಿಯರೇ ಆಮೇಲೆ ಅವಳ ಡಬ್ಬಿಗೆ ಕಾಯತೊಡಗಿದರು. ಡಬ್ಬಿಯ ರೊಟ್ಟಿ ಚೀಲದ ರೊಟ್ಟಿಯಾಯಿತು, ಚೀಲ ಎರಡಾದವು. ಆ ಗೆಳತಿಯರಲ್ಲಿ ಒಬ್ಬಳ ಗಂಡ ವಿಕ್ರೋಳಿಯ ಒಂದು ದೊಡ್ಡ ಆಫೀಸಿನ ಕ್ಯಾಂಟೀನ್ ನೋಡಿಕೊಳ್ಳುತ್ತಾನಂತೆ. ಆತ ವಾರಾವಾರ ರೊಟ್ಟಿ ತೆಗೆದುಕೊಳ್ಳಲು ಒಪ್ಪಿದ. ಆದರೆ ಯಾರೋ ಒಬ್ಬಳು ಅಜ್ಜಿ ಮಾಡುತ್ತಾಳೆ ಅಂದರೆ ಅವರ ದಫ್ತರದಲ್ಲಿ ನಡೆಯುವುದಿಲ್ಲ, ರಿಜಿಸ್ಟರ್ ಆದ ಕಂಪನಿ ಬೇಕು, ಅದೂ ತಿಂಗಳ ಕೊನೆಯೊಳಗೆ ಬೇಕು ಎಂದನಂತೆ. ಅದಕ್ಕೇ ವಕೀಲಬಾಯಿ. ಕಂಪನಿಗೆ ಇಬ್ಬರು ಪಾಲುದಾರರು ಬೇಕು. ಒಬ್ಬಳು ಪೂರ್ವಾ, ಇನ್ನೊಬ್ಬಳು ನಾನು.

ನಾನು. ನಾಲ್ಕನೇ ಇಯತ್ತೆ ಪೂರ್ತಿ ಮುಗಿಸದೆ ಎಮ್ಮೆ ಕಾಯಲು ಹೋದವಳು. ಲೋಕಲ್‌ನಲ್ಲಿ ಇಂದಿಗೂ ಸ್ಟೇಷನ್ ಹೆಸರು ಓದುವುದಿಲ್ಲ, ವಾಸನೆಯ ಮೇಲೆ ಇಳಿಯುತ್ತೇನೆ. ಅಂಥವಳನ್ನು ಕಂಪನಿಯ ಮಾಲಕಿ ಮಾಡುತ್ತಾರೆಂದರೆ ಸಂತೋಷದಿಂದ ಮಾತೇ ಹೊರಡಲಿಲ್ಲ. ಮಾತು ಹೊರಡದಿದ್ದರೂ ಕಾಲು ಹೊರಟವು. ಲಿಫ್ಟಿಗೆ ಕಾಯದೆ ಮಾಳಿಗೆ ಮಾಳಿಗೆ ಇಳಿದು ಎಲ್ಲರ ಮನೆಗೂ ಸುದ್ದಿ ಮುಟ್ಟಿಸಿ ಬಂದೆ. ರೊಟ್ಟಿ ಬಡಿಯುವ ಸದ್ದಿಗೆ ಸೊಸಾಯಿಟಿಯಲ್ಲಿ ನನ್ನ ಮೇಲೆ ತಕರಾರು ಹೇಳಿದ್ದ ಆರನೇ ಮಾಳಿಗೆಯವರ ಮನೆಗೆ ಮಾತ್ರ ಎರಡು ಸಲ ಹೋದೆ.

ಭಾನುವಾರ ವಕೀಲಬಾಯಿ ಬಂದಳು. ಗೌರಿ ಅಂತ ಹೆಸರು, ಮರಾಠಿ ಹುಡುಗಿ. ಪೂರ್ವಾಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಕರಿಕೋಟು ಇರಲಿಲ್ಲ, ಬೆನ್ನಿಗೊಂದು ಚೀಲ ಇತ್ತು. ನಾನು ಮನೆ ಸಾರಿಸಿ, ರಂಗೋಲಿ ಹಾಕಿ, ಎಲೆಅಡಿಕೆ ತಟ್ಟೆ ಇಟ್ಟು, ನಿಶ್ಚಿತಾರ್ಥಕ್ಕೆ ಕೂತಂತೆ ಕೂತಿದ್ದೆ. ಅವಳು ಚಹಾ ಕುಡಿದಳು, ರೊಟ್ಟಿ ಮುರಿದು ತಿಂದಳು, ಹೊಗಳಿದಳು. ಆಮೇಲೆ ಲ್ಯಾಪ್‌ಟಾಪ್ ತೆರೆದು ಕೇಳಿದ ಮೊದಲನೆಯ ಪ್ರಶ್ನೆ, ಅಜ್ಜಿ ತೀರಿಕೊಂಡರೆ ಅವರ ಪಾಲು ಯಾರಿಗೆ ಹೋಗಬೇಕು ಎಂದು.

ನನ್ನ ಬಾಯಲ್ಲಿದ್ದ ಅಡಿಕೆ ಗಂಟಲಿಗೆ ಹೋಯಿತು. ಶುಭಕಾರ್ಯಕ್ಕೆ ಕೂತ ಮನೆಯಲ್ಲಿ, ತಾಂಬೂಲದ ತಟ್ಟೆ ಮುಂದಿರುವಾಗ, ಮಾಲಕಿಯನ್ನು ಎದುರಿಗೆ ಕೂಡಿಸಿಕೊಂಡು ಕೇಳುವ ಮಾತೇ ಅದು? ಯಜಮಾನರು ನನ್ನ ಬೆನ್ನಿಗೆ ಗುದ್ದಿ ಅಡಿಕೆ ಹೊರಗೆ ತೆಗೆಸುವಷ್ಟರಲ್ಲಿ ಅವಳು ಎರಡನೆಯದಕ್ಕೆ ಹೋಗಿದ್ದಳು. ಅಜ್ಜಿ ಮೊಮ್ಮಗಳು ಜಗಳವಾಡಿದರೆ ತೀರ್ಪು ಮಾಡುವವರು ಯಾರು? ಪೂರ್ವಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಾವು ದಿನಕ್ಕೆ ಮೂರು ಸಲ ಜಗಳವಾಡುತ್ತೇವೆ. ಅವಳ ಕೂದಲಿಗೆ ನಾನು ಎಣ್ಣೆ ಹಚ್ಚಲು ಕೂತರೆ ತೀರ್ಪು ತಾನೇ ಆಗುತ್ತದೆ. ಅದನ್ನೇ ಹೇಳಿದೆ. ವಕೀಲಬಾಯಿ ಬಹಳ ಗಂಭೀರವಾಗಿ, ಎಣ್ಣೆಯನ್ನು ಕರಾರಿನಲ್ಲಿ ಬರೆಯಲು ಬರುವುದಿಲ್ಲ ಅಂದಳು.

ಇದರಿಂದಲೇ ಇನ್ನೂ ಸುಧಾರಿಸಿಕೊಳ್ಳುತ್ತಿದ್ದೆ, ದೊಡ್ಡ ಧಕ್ಕೆ ಇನ್ನೂ ಬಾಕಿ ಇತ್ತು. ಈ ಬಗೆಯ ಕಂಪನಿಯಲ್ಲಿ ಪಾಲುದಾರರ ಹೊಣೆ ಸೀಮಿತವಂತೆ, ಲಿಮಿಟೆಡ್ ಅಂತೆ. ಅಂದರೆ ನಾನು ಇದರಲ್ಲಿ ಎಷ್ಟು ಹಾಕಿದ್ದೇನೋ ಅಷ್ಟಕ್ಕೇ ನಾನು ಜವಾಬ್ದಾರಳು, ಅದರಾಚೆ ಅಲ್ಲ. ನನಗೆ ಸಿಟ್ಟೇ ಬಂತು. ಮೂರು ಮಕ್ಕಳನ್ನು ಹೆತ್ತಾಗ ಯಾವ ವಕೀಲರೂ ಬಂದು, ಬಾಯಿ, ನಿನ್ನ ಹೊಣೆ ಇಷ್ಟೇ, ಮುಂದಿನದು ಬಿಡು ಅಂದಿರಲಿಲ್ಲ. ಅತ್ತೆ ಹಾಸಿಗೆ ಹಿಡಿದಾಗ ಅನ್ನಲಿಲ್ಲ. ಯಜಮಾನರ ಊರಿನವರೆಲ್ಲ ಮುಂಬಯಿ ನೋಡಲು ಬಂದು ನಮ್ಮ ಚಾಳಿನ ಒಂದೇ ಕೋಣೆಯಲ್ಲಿ ತಿಂಗಳು ಮಲಗಿದಾಗಲೂ ಅನ್ನಲಿಲ್ಲ. ಈಗ ನಾಲ್ಕು ರೊಟ್ಟಿ ಮಾರಲು ಹೊರಟಾಗ ಬಂದು ಹೇಳುತ್ತಾರೆ. ನನ್ನ ರೊಟ್ಟಿ ಕೆಟ್ಟರೆ ನಾನೇ ಪೂರ್ತಿ ಹೊಣೆ, ಹಾಗೇ ಬರಕೋ ಎಂದೆ.

ಆ ಹುಡುಗಿ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ನನ್ನ ಹತ್ತಿರ ಸರಿದು ಕೂತಳು. ನಾಳೆ ಯಾರೋ ಒಬ್ಬ ಮುದುಕ ನಿಮ್ಮ ರೊಟ್ಟಿ ಕಡಿದು ಹಲ್ಲು ಮುರಿದುಕೊಂಡು ಕೋರ್ಟಿಗೆ ಹೋದ ಅಂತ ಇಟ್ಟುಕೊಳ್ಳಿ, ಆಗ ಅವನು ಕಂಪನಿಯನ್ನು ಹಿಡಿಯಬಹುದು, ಈ ಮನೆಯನ್ನು ಹಿಡಿಯಲು ಬರುವುದಿಲ್ಲ, ಸೀಮಿತ ಅಂದರೆ ಅಷ್ಟೇ ಅಂದಳು. ನಾನು ಬಾಗಿಲು ನೋಡಿದೆ, ಕಿಡಕಿ ನೋಡಿದೆ. ನನ್ನ ರೊಟ್ಟಿಗೆ ಹಲ್ಲು ಮುರಿಯುತ್ತವೆ ಎಂಬ ಮಾತಿನ ಅವಮಾನ ನುಂಗಿಕೊಂಡು, ಆಗಲಿ, ಸೀಮಿತವೇ ಇರಲಿ ಎಂದೆ.

ಇನ್ನು ಉಳಿದದ್ದು ಸಹಿ. ಸಹಿಯೆಂದರೆ ಪೆನ್ನಿನದಲ್ಲವಂತೆ, ಡಿಜಿಟಲ್ ಸಹಿ. ಅದು ಸಿಗಬೇಕಾದರೆ ಮೊಬೈಲಿನ ಮುಂದೆ ಒಬ್ಬಳೇ ಕೂತು, ಕಾರ್ಡು ತೋರಿಸಿ, ನನ್ನ ಪೂರ್ತಿ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಆ ವಿಡಿಯೋವನ್ನು ಎಲ್ಲೋ ದೂರದಲ್ಲಿ ಕೂತವರು ನೋಡಿ ಪಾಸು ಮಾಡುತ್ತಾರೆ. ಇದೇನು ಮಹಾ ಅಂದುಕೊಂಡೆ. ಮೂಗಿಗೆ ನತ್ತು ಹಾಕಿ, ಇಳಕಲ್ ಸೀರೆ ಉಟ್ಟು ಕೂತು, "ಗಂಗಾಬಾಯಿ ಬಿರಾದಾರ" ಎಂದೆ. ಮರುದಿನ ಅದು ನಾಪಾಸಾಗಿ ವಾಪಸು ಬಂತು. ಕಾರ್ಡಿನಲ್ಲಿ ಮೂರು ಹೆಸರಿವೆ, ಬಾಯಿ ಎರಡೇ ಹೇಳಿದ್ದಾರೆ ಎಂದು.

ಮುಂಬಯಿಯ ಪದ್ಧತಿ ಓದುಗರಿಗೆ ಗೊತ್ತಿರಬಹುದು. ಇಲ್ಲಿ ಹೆಂಗಸಿನ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಗಂಡನ ಹೆಸರನ್ನು ಕೂಡಿಸುತ್ತಾರೆ. ನಮ್ಮ ವಿಜಯಪುರ ಕಡೆಯ ಪದ್ಧತಿ ಅಂದರೆ ಹೆಂಡತಿಯಾದವಳು ಆ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ. ರೇಷನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ, ಮಕ್ಕಳ ಶಾಲೆಯಲ್ಲಿ, ಎಲ್ಲ ಕಡೆಯೂ ಕಾರ್ಡು ಮುಂದೆ ಹಿಡಿದು, ಇದರಲ್ಲಿದೆ ಓದಿಕೊಳ್ಳಿ ಎಂದೇ ಇಷ್ಟು ವರ್ಷ ತಳ್ಳಿದ್ದೇನೆ. ಹೇಳಲೇಬೇಕೆಂದರೆ ಒಂದೇ ದಾರಿ, ಒಡಪು. ಪ್ರಾಸ ಕೂಡಿಸಿ ಪದ ಕಟ್ಟಿ ಅದರೊಳಗೆ ಹೆಸರು ಸೇರಿಸಿದರೆ ದೋಷವಿಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಹೆಂಗಸರೆಲ್ಲ ಕೂಡಿ ಬಾಗಿಲಿಗೆ ಅಡ್ಡ ನಿಂತು ಒಡಪು ಹೇಳಿಸದೆ ಒಳಗೆ ಬಿಡುವುದಿಲ್ಲ.

ಹಾಗಾಗಿ ಎರಡನೆಯ ಸಲ ತಯಾರಾಗಿಯೇ ಕೂತೆ. ಒಡಪು ಹೇಳುತ್ತಾಳೆಂದು ಗೊತ್ತಾಗಿ ನಮ್ಮ ಮಾಳಿಗೆಯ ಹೆಂಗಸರೆಲ್ಲ ಬಂದು ಗೋಡೆಗೆ ಒರಗಿ ನಿಂತಿದ್ದರು. ನಾನು ಮೊಬೈಲನ್ನೇ ನೋಡುತ್ತ ಹೇಳಿದೆ:

"ಜ್ವಾಳದ ರೊಟ್ಟಿಗಿ ಎಣ್ಣಿಗಾಯಿ ಜೋಡಿ,
ಬಸವಂತರಾಯರ ಹೆಸರ ಹೇಳತೀನಿ ವಕೀಲಬಾಯಿ ಮಾರಿ ನೋಡಿ."

ಎಲ್ಲರೂ ಚಪ್ಪಾಳೆ ಹೊಡೆದರು. ಒಳಗಿನ ಕೋಣೆಯಲ್ಲಿ ಯಜಮಾನರು ಟೀವಿಯ ಸದ್ದು ಕಡಿಮೆ ಮಾಡಿದ್ದು ನನಗೆ ಕೇಳಿಸಿತು. ವಿಡಿಯೋ ಮತ್ತೆ ನಾಪಾಸು. ವಕೀಲಬಾಯಿಗೆ ನಗು ತಡೆಯಲಾಗಲಿಲ್ಲ. ಮರಾಠಿ ಹುಡುಗಿ, ಅವರಲ್ಲೂ ಈ ಪದ್ಧತಿ ಇದೆ, ತನ್ನ ಅಜ್ಜಿಯೂ ಹೀಗೇ ಅಂದಳು. ಆದರೆ ನೋಡುವವರಿಗೆ ಇದೆಲ್ಲ ಏನು ಗೊತ್ತು? ಅರ್ಜಿದಾರಳು ಹೆಸರು ಹೇಳುವ ಬದಲು ಹಾಡು ಹೇಳುತ್ತಿದ್ದಾಳೆ, ಹಿಂದೆ ಜನ ಇದ್ದಾರೆ ಎಂದು ಷರಾ ಬರೆದಿದ್ದರು. "ಆಜಿ, ಸಿರ್ಫ್ ನಾಮ್ ಬೋಲನಾ ಹೈ," ಎಂದು ಗೌರಿ ಫೋನಿನಲ್ಲಿ ತಾಳ್ಮೆಯಿಂದ ಹೇಳಿದಳು. ಬರೀ ಹೆಸರಂತೆ. ಅದೇ ಬರೀ ಹೆಸರಿಗಾಗಿಯೇ ಅಲ್ಲವೇ ನಾನು ಒದ್ದಾಡುತ್ತಿದ್ದದ್ದು.

ತಿಂಗಳು ಮುಗಿಯುತ್ತ ಬಂತು. ವಿಕ್ರೋಳಿಯವರು ಎರಡು ಸಲ ಫೋನು ಮಾಡಿದರು. ಗೌರಿ ಕೊನೆಗೆ ಒಂದು ಉಪಾಯ ಹೇಳಿದಳು. ಅಜ್ಜಿಯ ಬದಲು ಪೂರ್ವಾಳ ಗೆಳತಿ ಯಾರನ್ನಾದರೂ ಪಾಲುದಾರಳಾಗಿ ಹಾಕಿಬಿಡೋಣ, ಒಂದು ದಿನದಲ್ಲಿ ಮುಗಿಯುತ್ತದೆ, ಅಜ್ಜಿ ಹೇಗೂ ರೊಟ್ಟಿ ಮಾಡುತ್ತಾರಲ್ಲ ಎಂದು. ನಾನು ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಮಾತು ನ್ಯಾಯವಾಗಿಯೇ ಇತ್ತು, ಆದರೂ ಹಂಚಿನ ಮೇಲಿನ ರೊಟ್ಟಿಯನ್ನು ಬೇಕಾಗದಿದ್ದರೂ ಎರಡು ಸಲ ಮಗುಚಿದೆ. ಪೂರ್ವಾ, "ಅಜ್ಜಿ ನಹೀ ತೋ ನಂಗ ಕಂಪನಿ ನಕೋ," ಅಂದಳು. ಅರ್ಧ ಹಿಂದಿ, ಅರ್ಧ ಮರಾಠಿ, ಅಜ್ಜಿ ಎಂಬುದನ್ನು ಬಿಟ್ಟರೆ ನಡುವೆ ನಮ್ಮದು ಒಂದೇ ಶಬ್ದ, ಆದರೂ ನಾನಿಲ್ಲದೆ ಅವಳಿಗೆ ಕಂಪನಿಯೇ ಬೇಡ ಎಂಬುದು ತಿಳಿಯಿತು. ನನ್ನ ಕಣ್ಣಿನಲ್ಲಿ ನೀರು ಬಂತು. ಜೊತೆಗೇ ಇನ್ನೊಂದು ಹೆದರಿಕೆಯೂ ಹುಟ್ಟಿತು. ಈ ಹುಡುಗಿಯ ಕಂಪನಿ ಹುಟ್ಟುವ ಮುಂಚೆಯೇ ಮುಳುಗಿದರೆ ಅದು ನನ್ನ ಒಂದು ನಾಲಿಗೆಯಿಂದ.

ಮರುದಿನ ಬೆಳಿಗ್ಗೆ ಯಜಮಾನರಿಗೆ ಚಹಾ ಕೊಟ್ಟು ಪಕ್ಕದಲ್ಲಿ ಕೂತೆ. "ಏನ್ರಿ, ನಿಮ್ಮ ಹೆಸರ ಒಂದ್ ಸಲ ಸುಮ್ನ ಹೇಳ್ಲೇನು?" ಎಂದು ಕೇಳಿದೆ.

ಅವರು ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟರು. "ಹೇಳು. ಆದರ ನನ್ನ ಆಯುಷ್ಯ ಕಡಿಮಿ ಆತಂದ್ರ ಅದರ ಹೊಣೆ ಯಾರದು? ನಿನ್ನ ಲಿಮಿಟೆಡ್‌ನ್ಯಾಗ ಅದು ಬರತದೇನು, ವಕೀಲಬಾಯಿಗೆ ಒಂದ್ ಮಾತ ಕೇಳು."

ಅವರು ನಕ್ಕರೋ ಇಲ್ಲವೋ ಮೀಸೆಯಿಂದಾಗಿ ತಿಳಿಯಲಿಲ್ಲ. ವಕೀಲಬಾಯಿಯನ್ನು ನಾನು ಕೇಳಲಿಲ್ಲ. ಕೇಳಿದರೆ ಆ ಹುಡುಗಿ ಅದಕ್ಕೂ ಒಂದು ಕಲಮು ಬರೆದುಬಿಟ್ಟಾಳು.

ಮೂರನೆಯ ಸಲ ಹೆಂಗಸರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿ, ಮನಸ್ಸಿನಲ್ಲಿ ಮನೆದೇವರಿಗೆ ತಪ್ಪುಕಾಣಿಕೆ ಕಟ್ಟಿ, ಕಣ್ಣು ಅಗಲಿಸಿ ಹೇಳಿಯೇಬಿಟ್ಟೆ: "ಗಂಗಾಬಾಯಿ ಬಸವಂತರಾಯ ಬಿರಾದಾರ." ನನ್ನ ಧ್ವನಿ ನನಗೇ ಯಾರದೋ ಅನಿಸಿತು. ಕಿರಾಣಿ ಅಂಗಡಿಯವನನ್ನು ಕರೆದ ಹಾಗೆ ಕರೆದಿದ್ದೆ. ಅಷ್ಟರಲ್ಲಿ ಒಳಗಿನಿಂದ, "ಹಾಂ, ಬಂದೆ," ಎನ್ನುತ್ತ ಯಜಮಾನರು ಲುಂಗಿ ಸರಿಮಾಡಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲಿ, ಮೊಬೈಲಿನ ನೇರಕ್ಕೆ ನಿಂತರು. ವಾಚಮನ್ ಕೆಲಸ ಮಾಡಿದವರು, ಹೆಸರು ಕರೆದರೆ ಬರುವುದೇ ಅಭ್ಯಾಸ. ಅದೂ ನಾಪಾಸು. ಅಪರಿಚಿತ ಗಂಡಸು ಎಂದು ಷರಾ.

ನಾಲ್ಕನೆಯ ಸಲ ಅವರನ್ನು ಕೆಳಗೆ ಗೇಟಿನ ಹತ್ತಿರ ಕಳಿಸಿ ಹೇಳಿದೆ. ಪಾಸಾಯಿತು. ಎರಡು ದಿನ ಬಿಟ್ಟು ಪೂರ್ವಾ ಮೊಬೈಲು ಹಿಡಿದು ಕುಣಿಯುತ್ತ ಬಂದು ನನ್ನನ್ನು ಎತ್ತಿ ತಿರುಗಿಸಿದಳು. ಕಂಪನಿ ಆಗಿತ್ತು, ವಿಕ್ರೋಳಿಯವರ ದಿನ ಮೀರುವ ಮುಂಚೆಯೇ ಆಗಿತ್ತು. ನಾನು ಮಾತ್ರ ಆ ಎರಡು ದಿನ ಯಜಮಾನರ ಮೇಲೆ ಕಣ್ಣಿಟ್ಟೇ ಕೂತಿದ್ದೆ. ಅವರು ಕೆಮ್ಮಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಅವರಿಗೂ ಅದು ತಿಳಿಯಿತು ಅಂತ ಕಾಣುತ್ತದೆ, ಚಹಾ ಬೇಕಾದಾಗಲೆಲ್ಲ ಕೆಮ್ಮತೊಡಗಿದರು.

ಗೌರಿ ಪೇಢೆ ತೆಗೆದುಕೊಂಡು ಬಂದಳು. ಹೋಗುವಾಗ, ಈ ಡಿಜಿಟಲ್ ಸಹಿಯ ಅವಧಿ ಎರಡು ವರ್ಷ, ಮುಗಿದ ಮೇಲೆ ಅಜ್ಜಿ ಮತ್ತೊಮ್ಮೆ ಹೆಸರು ಹೇಳಬೇಕು ಎಂದು ನೆನಪು ಮಾಡಿದಳು. ಯಜಮಾನರು ಇಷ್ಟು ದಿನ ಅವಳೊಡನೆ ಒಂದು ಮಾತೂ ಆಡದವರು, ಪೇಢೆ ಬಾಯಲ್ಲಿಟ್ಟುಕೊಂಡೇ, "ಎರಡ್ ವರ್ಷಾ ಯಾಕ? ತಿಂಗಳಿಗೊಮ್ಮಿ ಇಡಾಕ ಬರಂಗಿಲ್ಲೇನು ಕೇಳು ಆಕೀಗಿ," ಎಂದು ಪೂರ್ವಾಳಿಗೆ ಹೇಳಿದರು. ನಾನು ವಯಸ್ಸಿಗೆ ತಕ್ಕ ಹಾಗೆ ಮಾತಾಡಿರಿ ಎಂದು ಗದರಿದೆ.

ಗದರಿದೆನೇನೋ ಸರಿ. ಮರುದಿನ ಅವರು ಹಾಲು ತರಲು ಹೋಗಿದ್ದರು, ಪೂರ್ವಾ ಲೋಕಲ್ ಹಿಡಿದಿದ್ದಳು, ಮನೆಯಲ್ಲಿ ಮೊಬೈಲಿಲ್ಲ, ಮಂದಿಯಿಲ್ಲ. ಹಂಚಿನ ಮೇಲಿನ ರೊಟ್ಟಿ ನೋಡುತ್ತ ನಿಂತವಳು ಆ ಹೆಸರನ್ನು ಮೆಲ್ಲಗೆ ಒಮ್ಮೆ ಹೇಳಿದೆ. ಪ್ರಾಸವಿಲ್ಲದೆ, ಬಿರಾದಾರವಿಲ್ಲದೆ. ಚೆನ್ನಾಗಿದೆ ಅನಿಸಿ ಇನ್ನೊಮ್ಮೆ ಹೇಳಿದೆ. ಅಷ್ಟರಲ್ಲಿ ರೊಟ್ಟಿ ಸೀದು ಕರಿಯಾಯಿತು. ಆದರೆ ಅದರ ಹೊಣೆ ನನ್ನದಲ್ಲ, ಕಂಪನಿಯದು. ಬೇಕಾದರೆ ವಕೀಲಬಾಯಿಯನ್ನು ಕೇಳಿ ನೋಡಿ.